ಮೂರನೆಯ ದಿನದ ದೇವರು

ಮಕ್ತಲದಿಂದ ಗದ್ವಾಲಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಜೂರಾಲ ಅಣೆಕಟ್ಟು ದಾಟುವಾಗ, ಮೊನ್ನೆ ನನ್ನ ಕಾಲ ಬಳಿ ಒಂದು ಬಾಟಲಿ ಸಿಡಿಯಿತು. ಸಿಡಿಯಿತು ಎಂದರೆ ಗಾಬರಿ ಬೀಳಬೇಡಿ. ಪಕ್ಕದ ಹೆಂಗಸು ಕೈಚೀಲದಲ್ಲಿ ಇಟ್ಟುಕೊಂಡಿದ್ದ ಸೇಂದಿ, ಬಸ್ಸಿನ ಕುಲುಕಾಟಕ್ಕೆ ಒಳಗೊಳಗೇ ಉಕ್ಕಿ, ಮುಚ್ಚಳವನ್ನು ಟಪ್ ಎಂದು ಹಾರಿಸಿತು, ಅಷ್ಟೆ. ಈಚಲ ಮರದಿಂದ ಇಳಿಸುವ ಹೆಂಡಕ್ಕೆ ನಮ್ಮ ಕಡೆ ಸೇಂದಿ ಎನ್ನುತ್ತೇವೆ. ಬೆಳ್ಳನೆಯ ನೊರೆ ನನ್ನ ನೆರಿಗೆಯ ಮೇಲೆ ಇಳಿಯಿತು. ನಾರಾಯಣಪೇಟೆಯ ನೂಲಿನ ಸೀರೆ ಕುಡಿಯುವುದರಲ್ಲಿ ನಮ್ಮೂರಿನವರಿಗಿಂತ ಏನೂ ಕಡಿಮೆಯಲ್ಲ. ನಾನು ಕಾಲು ಎತ್ತಿಕೊಳ್ಳುವಷ್ಟರಲ್ಲಿ ಎಲ್ಲವನ್ನೂ ಹೀರಿಬಿಟ್ಟಿತ್ತು.

"ತಪ್ಪಾತ್ರೀ ಅಕ್ಕಾರ," ಎನ್ನುತ್ತ ಆಕೆ ತನ್ನ ಸೆರಗಿನಿಂದ ಒರೆಸಲು ಬಗ್ಗಿದಳು. ಬೆರಳುಗಳು ನಡುಗುತ್ತಿದ್ದವು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡು ತೆಲುಗಿನಲ್ಲಿ ಏನೋ ಗೊಣಗಿದರು. ಹುಳಿ ಮಜ್ಜಿಗೆಯಂಥ ಆ ವಾಸನೆ ಯಾರಿಗೂ ಹಿತವಾದದ್ದಲ್ಲ. ನಾನು ಮಾತ್ರ ಮೂಗು ಮುಚ್ಚಲಿಲ್ಲ. ನಿಜ ಹೇಳುತ್ತೇನೆ, ಯಾರಿಗೂ ಕಾಣದ ಹಾಗೆ ಸ್ವಲ್ಪ ಎಳೆದುಕೊಂಡೆ. ಅದು ನನ್ನ ಮಾಳಮ್ಮತ್ತೆಯ ವಾಸನೆ.

ಮಾಳಮ್ಮತ್ತೆ ನಮ್ಮಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಾರ್ವದ ಹತ್ತಿರದ ನಮ್ಮೂರಿಗೆ, ಅಣ್ಣನ ಮನೆಗೆ ಬಂದವಳು. ನಮ್ಮದು ಕುರಿ ಸಾಕುವ ಮನೆ. ಅಂಗಳದ ಬೇವಿನ ನೆರಳಲ್ಲಿ ಕೂತು ಅತ್ತೆ ಕಂಬಳಿಗೆ ಕರಿ ಉಣ್ಣೆ ನೂಲುತ್ತಿದ್ದಳು. ಮಧ್ಯಾಹ್ನ ಉಂಡ ಮೇಲೆ ಸೇಂದಿ ದುಕಾನಿಗೆ ಹೋಗಿ ಬರುವುದು, ಬಂದು ರಾಟಿಯ ಮುಂದೆ ಕೂರುವುದು, ಕೂತು ನಗುವುದು. ಆ ನಗುವಿಗೆ ಕಾರಣ ಬೇಕಿರಲಿಲ್ಲ. ಹುಂಜ ಓಡಿದರೆ ನಗು, ಅಪ್ಪ ಕೆಮ್ಮಿದರೆ ನಗು. ಕಳ್ಳನ ಒಂದೇ ಕಥೆಯನ್ನು ಒಂದೇ ಮಧ್ಯಾಹ್ನ ಮೂರು ಸಲ ಹೇಳುತ್ತಿದ್ದಳು. ಮೂರು ಸಲವೂ ಕಳ್ಳ ಬೇರೆಬೇರೆ ಮನೆಗೆ ನುಗ್ಗುತ್ತಿದ್ದ. ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದರೆ ಉಣ್ಣೆಯ ಜಿಡ್ಡು ಮತ್ತು ಸೇಂದಿಯ ಹುಳಿ ಎರಡೂ ಕೂಡಿ ಬರುತ್ತಿದ್ದವು. ಅದಕ್ಕಿಂತ ಸುಖವಾದ ಜಾಗ ನನಗೆ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಈಚಲ ಮರ ಇದ್ದದ್ದು ಹನ್ನೊಂದು. ಆಡುತ್ತ ಎಷ್ಟೋ ಸಲ ಎಣಿಸಿದ್ದೇನೆ. ಅದರಲ್ಲಿ ಎರಡು ಒಣಗಿದವು. ಕುಡಿಯುವವರು ಮಾತ್ರ ಊರಿಗೆ ಊರೇ. ಒಂಬತ್ತು ಮರ ಇಷ್ಟು ಜನರ ಹೊಟ್ಟೆಗೆ ಹೇಗೆ ಸಾಲುತ್ತವೆ ಎಂದು ಯಾರಿಗೂ ಅನುಮಾನ ಬರಲಿಲ್ಲ. ಗಣಿತದಲ್ಲಿ ಜಾಣೆ ಎಂದು ಮೆರೆಯುತ್ತಿದ್ದ ನನಗೂ ಬರಲಿಲ್ಲ. ಮರದಿಂದ ಇಳಿಯುತ್ತಿದ್ದದ್ದು ಸ್ವಲ್ಪ. ಉಳಿದದ್ದು ನೀರು, ಸಕ್ಕರೆ, ಮತ್ತು ನಿದ್ದೆ ಗುಳಿಗೆಗೆ ಹಾಕುವ ಮತ್ತಿನ ಪುಡಿ. ಇದು ನನಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಗೊತ್ತಾಗಬಹುದಾಗಿತ್ತು. ಅತ್ತೆ ನಡೆಯುವಾಗ ನೆಲ ತಾನು ಎಣಿಸಿದ್ದಕ್ಕಿಂತ ಒಂದು ಗೇಣು ಕೆಳಗಿದೆ ಎನ್ನುವ ಹಾಗೆ ಕಾಲು ಇಡುತ್ತಿದ್ದಳು. ಮರಿಗಳಿಗೆ ನೀರು ಕುಡಿಸಿ, ಕುಡಿಸಿಲ್ಲವೆಂದು ಮತ್ತೆ ಕುಡಿಸುತ್ತಿದ್ದಳು. ಒಮ್ಮೆ ಬಿಸಿ ಹಂಚನ್ನು ಬರಿಗೈಯಲ್ಲಿ ಎತ್ತಿ, ಅಮ್ಮ ಕೂಗಿಕೊಂಡ ಮೇಲೆ ಕೆಳಗಿಟ್ಟಳು. ಅಂಗೈ ನೋಡಿಕೊಂಡು ಅದಕ್ಕೂ ನಕ್ಕಳು. ನಾವೂ ನಕ್ಕೆವು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕುರಿಗಾರರ ದೇವರು ಬೀರಪ್ಪನ ಒಂಬತ್ತು ದಿನದ ವ್ರತ. ಒಂದೇ ಹೊತ್ತು ಊಟ, ಸೇಂದಿ ಮುಟ್ಟುವಂತಿಲ್ಲ. ಅಪ್ಪ ಬೀಡಿಯ ಮನುಷ್ಯ, ಅವನಿಗೆ ಕಷ್ಟವಿರಲಿಲ್ಲ. ಅತ್ತೆ ಮೊದಲನೆಯ ದಿನ ಸಿಡಿಮಿಡಿ ಅನ್ನುತ್ತಿದ್ದಳು. ಎರಡನೆಯ ದಿನ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ, ಕುಪ್ಪಸವೆಲ್ಲ ಬೆವರು. ಮೂರನೆಯ ದಿನ ಬೆಳಿಗ್ಗೆ, ಪೂಜೆಯ ಹೊತ್ತಿಗೆ ಸರಿಯಾಗಿ, ಅವಳ ಮೈಮೇಲೆ ದೇವರು ಬರುತ್ತಿತ್ತು. ಕುತ್ತಿಗೆ ಒಂದು ಕಡೆ ತಿರುಚುತ್ತಿತ್ತು, ಕೈಗಳು ಗಡಗಡ ನಡುಗುತ್ತಿದ್ದವು. ಹಾಸಿದ ಕಂಬಳಿಯ ಮೇಲಿಂದ ಕಾಣದ ಏನನ್ನೋ ಬೆರಳ ತುದಿಯಿಂದ ಒಂದೊಂದಾಗಿ ಹೆಕ್ಕುತ್ತಿದ್ದಳು. "ಬೀರಪ್ಪ ಕುರಿ ಎಣಸಾಕತ್ಯಾನ," ಎಂದು ಅಪ್ಪ ಪಿಸುಗುಟ್ಟಿ ಅವಳ ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಿದ್ದ. ಊರಿನವರು ಬಂದು ಮಳೆ, ಮದುವೆ, ಕಳೆದುಹೋದ ಆಡು ಎಲ್ಲವನ್ನೂ ಕೇಳುತ್ತಿದ್ದರು. ಒಂಬತ್ತನೆಯ ದಿನ ದೇವರ ಮುಂದೆ ಸೇಂದಿ ಎರೆದು, ಉಳಿದದ್ದನ್ನು ಅತ್ತೆಗೆ ಪ್ರಸಾದವೆಂದು ಕುಡಿಸಿದರೆ ದೇವರು ಶಾಂತವಾಗಿ ಇಳಿಯುತ್ತಿತ್ತು. ವ್ರತದ ಶುದ್ಧಿಯಿಂದಲೇ ದೇವರು ಬರುತ್ತದೆ ಎಂದು ನಮ್ಮ ನಂಬಿಕೆ. ಮನೆಯ ಹಿರಿಯ ತಾನಿರುವಾಗ ತಂಗಿಗೆ ಯಾಕೆ ಬರುತ್ತದೆ ಎಂದು ಅಪ್ಪನಿಗೆ ಒಳಗೇ ಸ್ವಲ್ಪ ಹೊಟ್ಟೆಯುರಿಯೂ ಇತ್ತು.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಇಟಿಕ್ಯಾಲದ ಕಡೆಯ ಒಂದು ಮನೆಗೆ ನನ್ನನ್ನು ಕೊಡುವುದೆಂದು ಗಟ್ಟಿಯಾಗಿತ್ತು. ಹುಡುಗ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ನನ್ನನ್ನು ಯಾರೂ ಕೇಳಲಿಲ್ಲ. ಕೊಟ್ಟಿಗೆಯ ಹಿಂದೆ ಕೂತು ಅಳುವುದೊಂದೇ ನನಗೆ ಬರುತ್ತಿತ್ತು, ಅದನ್ನೂ ಮನೆಯವರಿಗೆ ಕೇಳುವ ಹಾಗೆ ಅಳುವ ಧೈರ್ಯವಿರಲಿಲ್ಲ. ವ್ರತದ ಮೂರನೆಯ ದಿನ ಅಪ್ಪ ಕೈಮುಗಿದು ಮದುವೆಗೆ ಅಪ್ಪಣೆ ಬೇಡಿದ. ಅಣ್ಣನ ಎದುರು ತಲೆ ಮೇಲಿನ ಸೆರಗು ಸರಿಸದ ಅತ್ತೆ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಗಂಡು ದನಿಯಲ್ಲಿ ಹೇಳಿದಳು: "ಲೇ ಲಿಂಗ್ಯಾ, ಈ ಕೂಸಿನ್ನ ಕೊಡಬ್ಯಾಡ. ಗದ್ವಾಲಕ್ಕ ಕಳಸು, ಓದಲಿ. ಕೊಟ್ಟಿ ಅಂದ್ರ ನಿನ್ನ ಹಿಂಡಿನಾಗ ಒಂದು ಕುರಿ ಉಳಿಯಂಗಿಲ್ಲ."

ಅಪ್ಪ ನೆಲಕ್ಕೆ ಹಣೆ ಹಚ್ಚಿದ. ಮದುವೆ ಮುರಿಯಿತು. ನಾನು ಗದ್ವಾಲಿನ ಹಾಸ್ಟೆಲ್ಲಿಗೆ ಬಂದೆ.

ಹಾಸ್ಟೆಲ್ಲಿನಲ್ಲಿ ನನ್ನ ಜಂಬ ಕೇಳಬೇಡಿ. ಬೇರೆ ಹುಡುಗಿಯರನ್ನು ಅವರ ಅಪ್ಪಂದಿರು ಕಳಿಸಿದ್ದರು, ನನ್ನನ್ನು ಸಾಕ್ಷಾತ್ ಬೀರಪ್ಪ ಕಳಿಸಿದ್ದ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ದೇವರದ್ದೇ ಏನೋ ಯೋಜನೆ ಇರಬೇಕು ಎಂದುಕೊಳ್ಳುತ್ತಿದ್ದೆ. ಆಮೇಲೆ ನರ್ಸಿಂಗ್ ಸೇರಿದೆ. ಎರಡನೆಯ ವರ್ಷ, ನಮ್ಮ ಮೇಡಮ್ಮು ಮತ್ತಿನ ಔಷಧಿಗಳ ಪಾಠ ಮಾಡುತ್ತಿದ್ದರು. ಸೇಂದಿಗೆ ಬೆರೆಸುವ ಪುಡಿಯೂ ಇವುಗಳಲ್ಲೇ ಒಂದು ಎಂದರು. ದಿನಾ ತೆಗೆದುಕೊಳ್ಳುವವರು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂದು ಹೇಳುತ್ತ ಬೆರಳು ಮಡಿಚಿದರು: ನಿದ್ದೆ ಹೋಗುತ್ತದೆ, ಬೆವರುತ್ತಾರೆ, ಎರಡು ಮೂರು ದಿನಕ್ಕೆ ನಡುಕ, ಕೆಲವರಿಗೆ ಫಿಟ್ಸು, ಕಾಣದ್ದು ಕಾಣುತ್ತದೆ, ಹೊದಿಕೆಯ ಮೇಲಿಂದ ಇಲ್ಲದ ಹುಳು ಹೆಕ್ಕುತ್ತಾರೆ. ಅವರು ನಮ್ಮ ಅಂಗಳದ ಕಂಬಳಿಯನ್ನೇ ತಂದು ತರಗತಿಯಲ್ಲಿ ಹಾಸಿದ ಹಾಗಿತ್ತು.

ಆಗ ಮೇಡಮ್ಮು ವಿವರಿಸಿದ್ದನ್ನು ನಾನು ಈಗ ರೋಗಿಗಳ ಮನೆಯವರಿಗೆ ಹೀಗೆ ಹೇಳುತ್ತೇನೆ. ಮತ್ತಿನ ಪುಡಿ ಮೆದುಳನ್ನು ಕೆಳಕ್ಕೆ ಜಗ್ಗುತ್ತದೆ. ಅದನ್ನು ತಡೆದು ನಿಲ್ಲಲು ಮೈ ದಿನದಿನವೂ ಮೇಲಕ್ಕೆ ಎಳೆಯುವುದನ್ನು ಕಲಿಯುತ್ತದೆ. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ಹರಿದರೆ ಸೇದುವವಳು ಹಿಂದಕ್ಕೆ ಬೀಳುತ್ತಾಳಲ್ಲ, ಹಾಗೆ, ಪುಡಿ ಇಲ್ಲವಾದ ಕೂಡಲೇ ಮೈ ತನ್ನದೇ ಎಳೆತಕ್ಕೆ ತಾನೇ ಬೀಳುತ್ತದೆ. ಆ ಬೀಳುವುದರಲ್ಲಿ ಜೀವವೂ ಹೋಗಬಹುದು. ವರ್ಷವರ್ಷವೂ ನಾವು ಅತ್ತೆಯನ್ನು ಹಾಗೆ ಬಾವಿಕಟ್ಟೆಯಿಂದ ಬೀಳಿಸಿ, ಬಿದ್ದವಳ ಮುಂದೆ ಕಾಯಿ ಒಡೆಯುತ್ತಿದ್ದೆವು.

ರಜೆಗೆ ಊರಿಗೆ ಹೋದವಳೇ, ಓದಿದವರ ಹುಮ್ಮಸ್ಸಿನಲ್ಲಿ, ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. "ಅದು ದೇವರಲ್ಲಪ್ಪ, ಗುಳಗಿ ಪುಡಿ." ಅಪ್ಪ ಬೀಡಿ ಆರಿಸಿದ. ಸಿಟ್ಟು ಮಾಡಲಿಲ್ಲ. "ಹಂಗಾರ ನಿನ್ನ ಗದ್ವಾಲಕ್ಕ ಕಳಿಸಿದ್ದು ಯಾರವ್ವ?" ಎಂದು ಕೇಳಿದ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ನೂಲುತ್ತಿದ್ದಳು. ನನಗೆ ಒಳಗೇ ಅಳು ಬಂತು. ದೇವರು ನನ್ನನ್ನು ಆರಿಸಲಿಲ್ಲ ಎನ್ನುವುದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅತ್ತೆಯೂ ಆರಿಸಲಿಲ್ಲ, ಯಾವುದೋ ಪುಡಿ ಬಾಯಿಗೆ ಬಂದದ್ದನ್ನು ಬಡಬಡಿಸಿತು, ಅದರ ಮೇಲೆ ನನ್ನ ಇಡೀ ಬದುಕು ನಿಂತಿದೆ ಎನ್ನುವುದನ್ನು ನುಂಗಿಕೊಳ್ಳಲಾಗಲಿಲ್ಲ.

ಕೆಲಸ ಸಿಕ್ಕಿದ ಮೇಲೆ ಅತ್ತೆಯನ್ನು ಗದ್ವಾಲಿಗೆ ಕರೆತಂದೆ. ಡಾಕ್ಟರು ಹೇಳಿದ ಹಾಗೆ, ಒಮ್ಮೆಲೇ ಬಿಡಿಸದೆ, ಮಾತ್ರೆ ಕೊಟ್ಟು, ವಾರವಾರ ಇಳಿಸುತ್ತ ಬಂದೆವು. ತಿಂಗಳುಗಟ್ಟಲೆ ಹಿಡಿಯಿತು. ಬೈದಳು, ಅತ್ತಳು, ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಓಡಿದಳು. ಕೊನೆಗೆ ಕೈ ನೆಟ್ಟಗಾಯಿತು. ಕಾಲು ಇಟ್ಟಲ್ಲೇ ನೆಲ ಸಿಗತೊಡಗಿತು.

ಆದರೆ ನಗು ಹೋಯಿತು. ಒಂದು ಕಥೆಯನ್ನು ಒಂದೇ ಸಲ ಹೇಳುವವಳಾದಳು, ಆಮೇಲೆ ಅದನ್ನೂ ಬಿಟ್ಟಳು. ಸಂಜೆ ಕಿಟಕಿಯ ಬಳಿ ಕೂತು ಒಂದು ದಿನ ಹೇಳಿದಳು: "ಕುಡದಾಗ ನಿಮ್ಮ ಮಾವ ಸತ್ತಿದ್ದು ಬ್ಯಾರೆ ಯಾರದೋ ಮನಿ ಸುದ್ದಿ ಇದ್ದಂಗ ಇರತಿತ್ತು. ಈಗ ನನ್ನ ಸುದ್ದಿ ಆಗೈತಿ." ಹದಿನೈದು ವರ್ಷ ಹಳೆಯ ಸಾವಿಗೆ ಅವಳು ಆ ವರ್ಷ ಅತ್ತಳು. ಊರಿಗೆ ಮರಳಿದ ಮೇಲೆ ವ್ರತದ ಮೂರನೆಯ ದಿನ ದೇವರು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಮಳೆಯ ಬಗ್ಗೆ, ಆಡಿನ ಬಗ್ಗೆ ಅವಳನ್ನು ಯಾರೂ ಕೇಳಲು ಬರಲಿಲ್ಲ. ನಾನು ಮಾಡಿದ್ದು ಸರಿ. ಈಗಲೂ ಅದನ್ನೇ ಮಾಡುತ್ತೇನೆ. ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಬೇಕಾಗುವುದು ಬೇವಿನ ನೆರಳಿನ ಆ ನಗುವ ಅತ್ತೆಯೇ. ಅವಳಲ್ಲಿ ಪುಡಿ ಎಷ್ಟು, ಅವಳು ಎಷ್ಟು ಎಂದು ಬೇರ್ಪಡಿಸಿ ಹಂಬಲಿಸುವುದು ನನಗೆ ಇನ್ನೂ ಬಂದಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಮಧ್ಯಾಹ್ನ, ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೊನೆಗೂ ಕೇಳಿದೆ. ಮುಖ ಕಾಣದಿದ್ದರೆ ಕೇಳುವುದು ಸುಲಭ. "ಅತ್ತೀ, ಅವತ್ತು ನನ್ನ ಕೊಡಬ್ಯಾಡ ಅಂದಿದ್ದು ಯಾರು? ನೀನೋ, ಬೀರಪ್ಪನೋ, ಆ ಪುಡಿನೋ?"

"ಅವತ್ತಿಂದು ನಂಗೇನೂ ನೆನಪಿಲ್ಲವ್ವ," ಎಂದಳು.

ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡೆ. ಅಷ್ಟೇ ಎಂದುಕೊಂಡೆ.

"ಆದ್ರ ಆ ಮಾತು ನಾ ಅದಕ್ಕೂ ಮೊದಲ ಎರಡು ಸಲ ಹೇಳಿದ್ನಿ," ಎಂದು ಮುಂದುವರಿಸಿದಳು. "ಒಮ್ಮಿ ಅಣ್ಣ ಉಣ್ಣಾಕ ಕುಂತಾಗ, ಒಮ್ಮಿ ಕುರಿ ಉಣ್ಣಿ ಕತ್ತರಿಸೋ ದಿನ. ಕೂಸು ಕೊಟಗಿ ಹಿಂದ ಅಳತೈತಿ, ಕೊಡಬ್ಯಾಡಣ್ಣ, ಓದಾಕ ಕಳಸು ಅಂದೆ. ತಲಿ ಎತ್ತಿ ಸುದ್ದಾ ನೋಡಲಿಲ್ಲ. ಮಾಳಿ ಮಾತು ಯಾರು ಕೇಳ್ತಾರ? ಹೊಟ್ಯಾಗ ಉಳದಿತ್ತು, ಅವತ್ತು ಬಾಯಿಗೆ ಬಂದಿರಬೇಕು."

ನಾನು ಎಣ್ಣೆ ಹಚ್ಚುವುದನ್ನು ಮುಂದುವರಿಸಿದೆ. ಕಣ್ಣೀರು ಅವಳ ತಲೆಯ ಮೇಲೆ ಬಿದ್ದರೂ ಎಣ್ಣೆ ಎಂದುಕೊಂಡಿರುತ್ತಾಳೆ. ನನ್ನ ಅಳುವನ್ನು ಆ ಮನೆಯಲ್ಲಿ ಒಬ್ಬಳು ಕೇಳಿಸಿಕೊಂಡಿದ್ದಳು.

ಬಸ್ಸಿನ ಹೆಂಗಸು ಇನ್ನೂ ನನ್ನ ಸೀರೆ ಒರೆಸುತ್ತಲೇ ಇದ್ದಳು. "ಮುಟ್ಟೋದು ಇದ ಕಡೀದು ಅಕ್ಕಾರ," ಎಂದಳು. "ನಾಳಿಂದ ಬಂದ್. ಮನ್ಯಾಗ ಎಲ್ಲಾರೂ ಆಣಿ ಮಾಡಿಸ್ಯಾರ." ಒಮ್ಮೆಲೇ ಬಿಡಬೇಡ, ಜೀವಕ್ಕೆ ಅಪಾಯ, ನಮ್ಮ ಆಸ್ಪತ್ರೆಗೇ ಬಾ ಎಂದು ಹೇಳಿದೆ. ಚೀಟಿಯಲ್ಲಿ ನನ್ನ ಹೆಸರು ಬರೆದುಕೊಟ್ಟೆ. ಕುಡಿತ ಬಿಡುವವಳಿಗೆ ನಿಧಾನ ಬಿಡು ಎನ್ನುವ ನರ್ಸಮ್ಮನನ್ನು ಮುಂದಿನ ಸೀಟಿನವರು ತಿರುಗಿ ಒಂದು ಥರಾ ನೋಡಿದರು. ಮುಂದೆ ನನ್ನ ಉದ್ದನೆಯ ಉಪದೇಶ ಬಾಯಿಪಾಠವಿತ್ತು. ಅದನ್ನು ಬಿಟ್ಟು, "ಮನ್ಯಾಗ ನೀ ಹೇಳಿದ್ದು ಯಾರಾರ ಕೇಳ್ತಾರೇನವ್ವ?" ಎಂದೆ.

ಆಕೆ ಒರೆಸುವುದನ್ನು ನಿಲ್ಲಿಸಿದಳು. ಗದ್ವಾಲ ಬರುವವರೆಗೂ ಹೇಳಿದಳು. ನಾನು ನಡುವೆ ಒಂದು ಮಾತನ್ನೂ ಆಡಲಿಲ್ಲ.

ವಾರ್ಡಿಗೆ ಹೋಗುವಾಗ ತಡವಾಗಿತ್ತು, ಸೀರೆ ಅರೆಬರೆ ಒಣಗಿತ್ತು. ಜೊತೆಯ ಹುಡುಗಿ ಮೂಗು ಮುಚ್ಚಿಕೊಂಡು, "ಏನ್ರೀ ಸಿಸ್ಟರ್, ಇದೇನ ವಾಸನಿ?" ಎಂದಳು.

"ನಮ್ಮತ್ತೀದು," ಎಂದೆ.