ಬೇವಿನ ಮರದ ಕೆಳಗೆ ನಿಂತ ದೇವರು

ಅಕ್ಕಾ, ಆ ಆಷಾಢದಲ್ಲಿ ಭಾವ ಬಂದಿದ್ದರು. ನೀನು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ — ಮನೆಯಲ್ಲೇ ಇದ್ದೆ. ಇಲ್ಲವೆಂದು ಸುಳ್ಳು ಹೇಳಿ ಅವರನ್ನು ಕಳಿಸಿದವಳು ನಾನು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ. ಮದುವೆಯಾದ ಮೊದಲ ಆಷಾಢವೆಂದು ವಾಡಿಕೆಯಂತೆ ನೀನು ಸಿರುಗುಪ್ಪದಿಂದ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಗೆ ಬಂದಿದ್ದೆ. ಆ ತಿಂಗಳು ಗಂಡ ಹೆಂಡತಿ ದೂರವಿರಬೇಕು. ನಾನು ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಿದ್ದೆ — ನೀನು ಮತ್ತೆ ನನ್ನನ್ನು ಬಿಟ್ಟು ಹೊರಡಲು ಇನ್ನೆಷ್ಟು ಉಳಿದಿವೆಯೆಂದು. ಸಂಜೆ ನೀನು ಗ್ರೀಕರ ಕಥೆ ಹೇಳುತ್ತಿದ್ದೆ. ಪಾತಾಳದ ದೇವರು ಹೇಡೀಸ್, ಹೂ ಕೀಳುತ್ತಿದ್ದ ಹುಡುಗಿಯನ್ನು ಕರಿ ಕುದುರೆಗಳ ರಥದಲ್ಲಿ ಹೊತ್ತೊಯ್ದದ್ದು. ಅಲ್ಲಿ ದಾಳಿಂಬೆ ಕಾಳು ತಿಂದ ತಪ್ಪಿಗೆ ಅವಳು ಕೆಲವು ತಿಂಗಳು ತಾಯಿಯ ಬಳಿ, ಕೆಲವು ತಿಂಗಳು ಅವನ ಬಳಿ ಇರಬೇಕಾದದ್ದು. ಹದಿನೈದರ ನನಗೆ ಆ ದೇವರ ಮೇಲೆ ಎಂಥ ಸಿಟ್ಟು! ಅವನಿಗೆ ಭಾವನ ಮುಖ ಬಂದುಬಿಟ್ಟಿತ್ತು —

ಭಾವ ಬಂದ ದಿನ ಅವ್ವ ಬಜಾರಿಗೆ ಹೋಗಿದ್ದಳು. ಅವರು ಹೊಸ್ತಿಲ ಆಚೆಯೇ ನಿಂತರು, ಕೈಯಲ್ಲಿ ಒಂದು ಪೊಟ್ಟಣ.

“ಒಳಗ ಬರಂಗಿಲ್ಲವ್ವ, ನಿಮ್ಮವ್ವ ಬೈತಾಳ. ಆ ಬೇವಿನ ಗಿಡದ ಕೆಳಗ ನಿಂತಿರ್ತೀನಿ, ನಿಮ್ಮಕ್ಕನ್ನ ಕಳಸು. ಮಾರಿ ನೋಡಿ ಹೋಗಿಬಿಡ್ತೀನಿ.”

“ಅಕ್ಕ ಕುರುಗೋಡಿಗೆ ಹೋಗ್ಯಾಳ್ರಿ, ನಮ್ಮ ಸೋದರತ್ತಿ ಮನಿಗೆ.”

ಅಷ್ಟರಲ್ಲಿ ಹಿತ್ತಲಿನಿಂದ ನೀನು ಹಾಡಿಕೊಳ್ಳುವುದು ಕೇಳಿಸಿತು. ಭಾವನಿಗೂ ಕೇಳಿಸಿತು. ನನ್ನ ಮುಖ ನೋಡಿದರು. “ಆತು ಬಿಡು” ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟು ಹೊರಟುಹೋದರು. ದಾಳಿಂಬೆ ಹಣ್ಣು. ನಿನ್ನ ಕಣ್ಣಿಗೆ ಬೀಳಬಾರದೆಂದು ಮಾಳಿಗೆಯ ಮೇಲೆ ಕೂತು ಅಷ್ಟನ್ನೂ ನಾನೇ ತಿಂದೆ.

ಒಂಬತ್ತು ವರ್ಷವಾಯಿತು. ಈ ಬೇಸಿಗೆಯಲ್ಲಿ ಅದೇ ಕಥೆಯನ್ನು ಹೇಡೀಸನ ಬಾಯಲ್ಲೇ ಹೇಳಿಸಿ ಬರೆಯಲು ಕೂತೆ. ಹೆಂಡತಿ ತವರಿಗೆ ಹೋದ ತಿಂಗಳುಗಳಲ್ಲಿ ಅವನಿಗೆ ಹೇಗಿರುತ್ತದೆ — ಮರೆತು ಎರಡು ತಟ್ಟೆ ಇಟ್ಟು, ಆಮೇಲೆ ಒಂದನ್ನು ಎತ್ತಿಡುವುದು... ಬರೆಯುತ್ತ ಹೋದಂತೆ ಅವನು ಭೂಮಿಗೆ ಬಂದು ಅತ್ತೆಯ ಬಾಗಿಲಲ್ಲಿ ನಿಂತ. ಒಬ್ಬ ಹುಡುಗಿ ಹೊರಗೆ ಬಂದು, ಅವಳಿಲ್ಲ ಎಂದಳು. ನೀನು ಹೇಳಿದ ಕಥೆಯಲ್ಲಿ ಅಂಥ ಹುಡುಗಿ ಇರಲಿಲ್ಲ. “ಸತ್ತವರೆಲ್ಲ ನನ್ನ ಮಾತು ಕೇಳುತ್ತಾರೆ. ಒಳಗೆ ಹಾಡುತ್ತಿದ್ದವಳನ್ನು ಕೂಗಿ ಕರೆಯಲು ಮಾತ್ರ ನನಗೆ ಧೈರ್ಯ ಬರಲಿಲ್ಲ” — ದೇವರ ಈ ಮಾತು ಬರೆದ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ.

ಹೋದ ವಾರ ಸಿರುಗುಪ್ಪದಲ್ಲಿ ನಾನು ಅದನ್ನು ಓದಿ ಹೇಳಿದಾಗ ನೀನು ಕಣ್ಣೊರೆಸಿಕೊಂಡು ನಕ್ಕೆ.

“ನಿನ್ನ ದೇವ್ರಾದ್ರ ಬಾಗಲತನಕ ಬಂದ ಲೇ ಶಾಂತಾ. ನಮ್ಮವ್ರಿಗೆ ಇಡೀ ಆಷಾಢ ಬಳ್ಳಾರಿ ಬಸ್ಸು ಸಿಗಲಿಲ್ಲ ನೋಡು.”

“ಗದ್ಯಾಗ ನಾಟಿ ಇತ್ತಲ್ಲ” ಎಂದರು ಭಾವ, ಎಲೆಗೆ ಸುಣ್ಣ ಹಚ್ಚುತ್ತ. ನನ್ನ ಕಡೆ ನೋಡಲೇ ಇಲ್ಲ.

ಆಗ ಹೊಳೆಯಿತು ಅಕ್ಕಾ — ಮನೆಯಲ್ಲಿಲ್ಲವೆಂದು ನನ್ನಿಂದ ಹೇಳಿಸಿದವಳು ನೀನೇ ಎಂದು ಅವರು ಇಷ್ಟು ವರ್ಷ ತಿಳಿದಿದ್ದಾರೆ. ತಿಳಿದೂ ಒಮ್ಮೆಯೂ ನಿನ್ನನ್ನು ಕೇಳಿಲ್ಲ. ನೀನು ಹಂಗಿಸಿದಾಗಲೆಲ್ಲ ನಾಟಿಯ ನೆಪ ಹೇಳುತ್ತ...

ಕಥೆಯ ಆ ಹುಡುಗಿಗೆ ಹೆಸರಿಟ್ಟಿರಲಿಲ್ಲ. ಇವತ್ತು ಶಾಂತಾ ಎಂದು ಬರೆದೆ. ಭಾನುವಾರ ಬರುತ್ತೇನೆ, ಭಾವನೂ ಮನೆಯಲ್ಲಿರಲಿ. ಇಬ್ಬರ ಎದುರಿಗೂ ಆ ಹೆಸರಿನೊಂದಿಗೆ ಮತ್ತೆ ಓದುತ್ತೇನೆ. ನೀವು ಒಳಗೆ ಕರೆಯುವವರೆಗೆ ನಾನು ಹೊಸ್ತಿಲ ಆಚೆಯೇ ನಿಂತಿರುತ್ತೇನೆ.