ಹಸಿರು ಚೀಟಿಯ ಗೂಡು

ಇಲಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಬಾಯ್ತುಂಬ ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಹೋದಮೇಲೆ ಆ ಹೆಸರೂ ಮೂಲೆಗೆ ಬಿತ್ತು. ಸಂಶೋಧನಾ ಸಂಸ್ಥೆಯ ಹಿಂಭಾಗದಲ್ಲಿ ಇಲಿಗಳನ್ನು ಸಾಕುವ ಕೋಣೆಯೇ ಈಗ ಅವನ ಲೋಕ. ಗೂಡಿಗೆ ಮರದ ಹೊಟ್ಟು ಹಾಸುವುದು, ನೀರಿನ ಬಾಟಲಿ ತೊಳೆಯುವುದು, ಇಲಿಗಳ ಜೊತೆ ಹರಟುವುದು. "ಏನಮ್ಮಾ ಮಹಾರಾಣಿ, ತಿಂಡಿ ಸೇರ್ಲಿಲ್ವಾ?" ಎಂದರೆ ಅವು ಮೀಸೆಯನ್ನಾದರೂ ಕುಣಿಸುತ್ತಿದ್ದವು. ಮನೆಯ ಗೋಡೆಗಳಿಗೆ ಅದೂ ಇರಲಿಲ್ಲ.

ಆ ಕೋಣೆಯಲ್ಲಿ ಒಂದು ಕಟ್ಟುನಿಟ್ಟು. ವೈರಸ್ ಕೊಟ್ಟ ಇಲಿಗಳ ಗೂಡಿಗೆ ಕೆಂಪು ಚೀಟಿ, ವೈರಸ್ ಇಲ್ಲದ ಗೂಡಿಗೆ ಹಸಿರು. ಹಸಿರು ಕಂಡರೆ ನಿಶ್ಚಿಂತೆ. ಈ ಹಸಿರೇ ಅವನಿಗೆ ಮುಳುವಾಯಿತು ನೋಡಿ. ಅದೇ ವೈರಸ್ ತಗುಲಿ ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಒಂದು ಬೆಳಿಗ್ಗೆ ಡಾಕ್ಟರು "ವೈರಸ್ ಹೋಗಿದೆ" ಎಂದದ್ದೇ ತಡ, ಮುಂದಿನ ಮಾತು ಕೇಳಲೂ ನಿಲ್ಲದೆ ಈ ಪುಣ್ಯಾತ್ಮ ದೂರದ ಊರಿನ ಮಗಳಿಗೆ ಫೋನ್ ಮಾಡಿದ. "ನಿಮ್ಮಮ್ಮಂಗೆ ಹಸಿರು ಚೀಟಿ ಸಿಕ್ತು ಕಣೇ! ಗಾಬರಿಬಿದ್ದು ಓಡಿ ಬರ್ಬೇಡ!" ಮಗಳು ಹತ್ತಿದ್ದ ಬಸ್ಸಿನಿಂದ ಇಳಿದಳು. ಮರುದಿನ ತಾಯಿ ಇರಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಹೋದ ಮಗಳು ಮತ್ತೆ ಇತ್ತ ತಲೆಹಾಕಲಿಲ್ಲ. ಯಾವ ಮುಖ ಹೊತ್ತು ಮಾತಾಡಲಿ ಎಂದು ಇವನೂ ಸುಮ್ಮನಾದ.

ಮೊನ್ನೆ ಹಸಿರು ಚೀಟಿಯ ಗೂಡೊಂದರಲ್ಲಿ ಇಲಿಗಳು ಮುದುಡಿ ಕೂತು ಏದುಸಿರು ಬಿಡುತ್ತಿದ್ದವು. ಆ ಉಸಿರನ್ನು ಅವನು ಆಸ್ಪತ್ರೆಯಲ್ಲಿ ಕಂಡಿದ್ದ. ಸಂಶೋಧಕಿಯ ಬಳಿಗೆ ಓಡಿದ.

"ಮೇಡಂ, ಯಾರೋ ಚೀಟಿ ಅದಲುಬದಲು ಮಾಡಿದ್ದಾರೆ!"

"ಇಲ್ಲಣ್ಣ, ಸರಿಯಾಗೇ ಇದೆ. ಅವಕ್ಕೆ ವೈರಸ್ ಕೊಟ್ಟೇ ಇಲ್ಲ. ವೈರಸ್ಸಿನ ಮೈಮೇಲೆ ಮುಳ್ಳಿನ ಥರ ಪ್ರೋಟೀನ್ ಇರುತ್ತಲ್ಲ, ಅದನ್ನಷ್ಟೇ ಶ್ವಾಸಕೋಶಕ್ಕೆ ಬಿಟ್ಟಿದ್ದೀವಿ."

"ಬರೀ ಮುಳ್ಳಿಗೆ ಈ ಪಾಟಿ ಒದ್ದಾಟವಾ?"

"ಮುಳ್ಳು ಕಂಡ್ರೆ ಸಾಕು, ಶತ್ರು ಬಂದ ಅಂತ ಮೈ ತನ್ನ ಕಾವಲಿನ ಕಣಗಳನ್ನೆಲ್ಲ ಅಲ್ಲಿಗೆ ನುಗ್ಗಿಸುತ್ತೆ. ಅವುಗಳ ಹೊಡೆದಾಟದಲ್ಲಿ ರಕ್ತನಾಳ ಸೋರುತ್ತೆ, ಗಾಳಿ ತುಂಬೋ ಜಾಗದಲ್ಲಿ ನೀರು ತುಂಬುತ್ತೆ. ಮನುಷ್ಯರಲ್ಲೂ ಅಷ್ಟೇ. ವೈರಸ್ ಹೋದ್ಮೇಲೂ ಈ ಉರಿಯೂತ ಇಳಿಯದೇ ಇರಬಹುದು."

ಅಂದು ಡಾಕ್ಟರು ಹೇಳಲು ಹೊರಟಿದ್ದ ಮುಂದಿನ ಮಾತು ಇದೇ ಇದ್ದಿರಬೇಕು ಎಂದು ಇಲಿಯಣ್ಣನಿಗೆ ಹೊಳೆಯಿತು.

ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮಗಳಿಗೆ ಫೋನ್ ಮಾಡಿದ. ಎತ್ತುತ್ತಾಳೋ ಇಲ್ಲವೋ ಎಂದು ರಿಂಗು ಎಣಿಸುತ್ತ ನಿಂತ. ಎತ್ತಿದಳು. ಇಲಿ, ಮುಳ್ಳು, ಉರಿಯೂತ ಎಂದು ಒಂದೇ ಉಸಿರಿಗೆ ಒದರಿ, "ನಂಗೆ ಗೊತ್ತಿರ್ಲಿಲ್ಲ ಮಗಳೇ," ಎಂದ.

"ಅದನ್ನ ಡಾಕ್ಟರು ನಂಗೆ ಅಮ್ಮ ಹೋದ ದಿನಾನೇ ಹೇಳಿದ್ರು ಅಪ್ಪ. ನಂಗೆ ಸಿಟ್ಟು ಬಂದಿದ್ದು ಅದಕ್ಕಲ್ಲ."

"ಮತ್ಯಾಕೆ?"

"ಬರ್ಬೇಡ ಅಂದೆ, ಸರಿ. ಆಮೇಲಾದ್ರೂ ಒಂದು ದಿನ ಬಾ ಅಂದ್ಯಾ? ನಾನೂ ಅಮ್ಮನ್ನ ಕಳ್ಕೊಂಡೋಳೇ ಅಲ್ವಾ?"

ಅವನು ಆಗ ಚಪ್ಪಲಿ ಬಿಟ್ಟು ಒಳಗೆ ಕೂತ.

"ಬಾ ಮಗಳೇ," ಎಂದ. "ಮನೇಲಿ ಮಾತಾಡೋಕೆ ಯಾರೂ ಇಲ್ಲ."