ಒಂದೇ ನಂಬರಿನಿಂದ ಅರವತ್ತು ಸಲ

ನರಗುಂದದ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಒಂದು ಹುಕಿ ಬಂತು. ರೈತರು ಒಂದು ನಂಬರಿಗೆ ಫೋನ್ ಮಾಡಿದರೆ ಸಾಕು, ಅಂದಿನ ಹೆಸರುಕಾಳು, ಉಳ್ಳಾಗಡ್ಡಿ, ಹತ್ತಿಯ ಧಾರಣೆ ಕೇಳಿಸಬೇಕು. ಗಜೇಂದ್ರಗಡದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನೇ ಅದನ್ನು ಕಟ್ಟಿದೆ, ಧ್ವನಿಯೂ ನನ್ನದೇ. ಮಳೆಗಾಲಕ್ಕೆಂದು ಒಂದು ಮಾತು ಜಾಸ್ತಿ ಸೇರಿಸಿದ್ದೆ: ಮೇಲಿನ ಅಣೆಕಟ್ಟಿನಿಂದ ಮಲಪ್ರಭೆಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದು. ಇದೆಲ್ಲ ನಡೆಯುವುದು ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆ ಕಂಪ್ಯೂಟರಿನಲ್ಲಿ. ಬಳಸಿದಷ್ಟು ಬಿಲ್ಲು.

ಮೊದಲ ಬೇಸಿಗೆಯಲ್ಲೇ ನಾನೊಂದು ಸಾಲು ತಪ್ಪು ಬರೆದೆ. ಪ್ರೋಗ್ರಾಮು ತನ್ನನ್ನು ತಾನೇ ಕರೆದುಕೊಳ್ಳುತ್ತ ಎರಡು ದಿನ ಸುತ್ತಿತು, ತಿಂಗಳ ಖರ್ಚನ್ನೆಲ್ಲ ನುಂಗಿತು. ಮಾವ ರೇಗಿದ. "ನಳಾ ಚಾಲೂ ಬಿಟ್ಟು ಊರಿಗೆ ಹೋದಂಗ ಆತಲ್ಲವಾ! ಕಾಯಾಕ ಯಾರನ್ನರ ಇಡು."

ಇಟ್ಟೆ. ದಿನದಿನದ ಖರ್ಚನ್ನು ನೋಡಿ ನೋಡಿ ಯಾವುದು ಮಾಮೂಲಿ ಎಂದು ತಾನೇ ಕಲಿಯುವ ಕಾವಲು ಪ್ರೋಗ್ರಾಮು ಅದು. ಮಾಮೂಲಿಗಿಂತ ಹೆಚ್ಚಾದರೆ ನನ್ನ ಮೊಬೈಲಿಗೆ ಎಚ್ಚರಿಕೆ ಕಳಿಸಬೇಕು. ಅರ್ಧ ತಾಸಿನೊಳಗೆ ನಾನು 'ಇರಲಿ' ಎಂದು ಒತ್ತದಿದ್ದರೆ ಇಡೀ ಸೇವೆಯನ್ನೇ ಬಂದ್ ಮಾಡಬೇಕು. ಈ ಕಡೆಯ ಕಟ್ಟಳೆ ನನ್ನ ಸಿಟ್ಟಿನ ಫಲ. ಮಾವನ ಬೈಗುಳ ಇನ್ನೊಮ್ಮೆ ತಿನ್ನುವ ಮನಸ್ಸಿರಲಿಲ್ಲ.

ಎರಡು ತಿಂಗಳಾದ ಮೇಲೆ ಅದು ಕಲಿತದ್ದನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸಿ ಮಾವನಿಗೆ ತೋರಿಸಿದೆ. ವಾರಕ್ಕೊಂದು ದಿಬ್ಬ, ತಪ್ಪದೆ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲಕ್ಕೆ ಹೋಗದ ಮಂದಿ ಕಟ್ಟೆಗೆ ಕೂತು ಧಾರಣೆ ಕೇಳುತ್ತಾರೆ.

"ಸೋಮವಾರ ಎತ್ತ ಹೂಡಂಗಿಲ್ಲ ಅಂತ ಇದಕ್ಕ ಯಾರ ಹೇಳಿದ್ರು?" ಎಂದ ಮಾವ.

"ಯಾರೂ ಹೇಳಿಲ್ಲ ಮಾಮಾ. ನೋಡ್ಕೋತ ಕುಂತಿತ್ತು, ತಾನ ತಿಳ್ಕೊಂಡೈತಿ."

ಮಾವ ಪರದೆಗೆ ಕೈ ಮುಗಿದುಬಿಟ್ಟ. ನಾನು ನಕ್ಕೆ, ಆದರೆ ಬೆರಗು ನನಗೂ ಆಗಿತ್ತು. ಎತ್ತನ್ನೇ ಕಾಣದ ಯಂತ್ರಕ್ಕೆ ಎತ್ತಿನ ಬಿಡುವು ಗೊತ್ತಾಗಿತ್ತು.

ಮಳೆಗಾಲದ ಒಂದು ಬುಧವಾರ ಮಧ್ಯಾಹ್ನ ಗಜೇಂದ್ರಗಡದಿಂದ ರೋಣದ ಬಸ್ಸು ಹತ್ತಿದ್ದೆ. ಹೊರಗೆ ಚಲೋ ಬಿಸಿಲು. ಕ್ಲಾಸಿನಲ್ಲಿ ಮೊಬೈಲು ಮುಚ್ಚಿಟ್ಟಿದ್ದೆ, ತೆರೆದು ನೋಡಿದರೆ ಎಚ್ಚರಿಕೆ: ಖರ್ಚು ಮಾಮೂಲಿಗಿಂತ ಒಂಬತ್ತು ಪಟ್ಟು. ಬಂದ್ ಆಗಲು ಹನ್ನೊಂದು ನಿಮಿಷ ಉಳಿದಿತ್ತು. ಕರೆಗಳ ಪಟ್ಟಿ ತೆಗೆದೆ. ಹದಿನೈದಿಪ್ಪತ್ತು ನಂಬರುಗಳು, ಒಂದೊಂದರಿಂದಲೂ ಐವತ್ತು, ಅರವತ್ತು ಸಲ. ಮನುಷ್ಯರು ಹೀಗೆ ಫೋನ್ ಮಾಡುತ್ತಾರೆಯೇ? ಯಾರೋ ಕಿಡಿಗೇಡಿಗಳ ಆಟವೆಂದುಕೊಂಡೆ. ಬಂದ್ ಆದರೆ ಆಗಲಿ, ಅದಕ್ಕೂ ಮೊದಲು ಒಬ್ಬರಿಗಾದರೂ ಬೈದುಬಿಡೋಣವೆಂದು ಮೇಲಿನ ನಂಬರಿಗೆ ಫೋನ್ ಹಚ್ಚಿದೆ.

"ಯಾರ್ರಿ ನೀವು? ಅರವತ್ತ ಸಲ ಫೋನ್ ಮಾಡೀರಲ್ಲ, ಬ್ಯಾರೆ ಕೆಲಸಿಲ್ಲೇನು?"

ಆ ಕಡೆ ಒಬ್ಬ ಹೆಂಗಸು. ನನ್ನ ದನಿ ಗುರುತು ಹಿಡಿದು, "ಯವ್ವಾ, ನೀರ ಹೇಳಾಕಿ ನೀನ ಅಲ್ಲೇನ!" ಎಂದಳು. ನಾನೇ ಎಂದೆ, ಯಾವೂರೆಂದು ಕೇಳಿದೆ.

ಮಲಪ್ರಭೆಯ ದಂಡೆಯ ಹೊಳೆಆಲೂರಿನ ಕೂಲಿಯಾಕೆ. ಓಣಿಗೊಂದು ಫೋನನ್ನು ಕಟ್ಟೆಯ ಮೇಲೆ ಇಟ್ಟಿದ್ದರು. "ಹೊಳಿ ಏರಾಕತ್ತೈತಿ. ನಾ ಹೇಳಿದ್ರ ಮಂದಿ ನಂಬಂಗಿಲ್ಲವ್ವಾ, ಹಿಂದಕ ಸುಳ್ಳ ಸುದ್ದಿ ಕೇಳಿ ಒಮ್ಮಿ ಓಡಿದ್ವಿ. ಎಲ್ಲಾರೂ ತಮ್ಮ ಕಿವೀಲೆ ಕೇಳಬೇಕು ಅಂತಾರ. ಒಬ್ಬೊಬ್ಬರು ಬಂದಂಗ ಮತ್ತ ಹಚ್ಚತೇನಿ."

ಹೊಳೆ ಉಕ್ಕುವುದನ್ನು ಬಿಸಿಲಿನ ಬಸ್ಸಿನಲ್ಲಿ ಕೂತ ನನಗೆ ತಿಳಿಸಿದ್ದು ಖರ್ಚು ಕಾಯುವ ಯಂತ್ರ. ಇನ್ನು ಆರೇ ನಿಮಿಷಕ್ಕೆ ಆ ಕಟ್ಟೆಗಳ ಮೇಲಿನ ದನಿಯನ್ನು ನಿಲ್ಲಿಸುವಂತೆ ಅದಕ್ಕೆ ಹೇಳಿಟ್ಟವಳು ನಾನು. ಕರೆ ಕಡಿಯದೆಯೇ 'ಇರಲಿ' ಒತ್ತಿದೆ.

"ಇಲ್ಲೇ ಅದಾರ ಎಲ್ಲಾರೂ," ಎಂದಳು ಆಕೆ. "ಕುಂದ್ರೂದೋ, ಏಳೂದೋ? ನೀನ ಹೇಳಿಬಿಡು."

ನಾನು ರೆಕಾರ್ಡ್ ಮಾಡಿಟ್ಟಿದ್ದು ಬರೀ ಅಂಕಿಗಳನ್ನು. ಏಳಿ ಎನ್ನುವ ಮಾತು ಅದರಲ್ಲಿರಲಿಲ್ಲ. ಅಣೆಕಟ್ಟಿನ ಹೊಸ ಅಂಕಿ ನೋಡಿದೆ, ಬೆಳಗಿನದಕ್ಕಿಂತ ಇಮ್ಮಡಿ. ಬಸ್ಸಿನಲ್ಲೇ ಕೂಗಿ ಹೇಳಿದೆ: "ಏಳ್ರಿ! ದನಾ ಬಿಚ್ಚಿಕೊಂಡು ಲಗೂ ಮ್ಯಾಲಕ್ಕ ನಡೀರಿ!" ಬಸ್ಸಿನವರೆಲ್ಲ ತಿರುಗಿ ನೋಡಿದರು. ಫೋನಿನಲ್ಲಿ ಹಗ್ಗ ಬಿಚ್ಚುವ, ಮಕ್ಕಳನ್ನು ಕರೆಯುವ, ಉಳಿದ ಓಣಿಗಳಿಗೆ ಕೂಗಿ ಹೇಳುವ ಗದ್ದಲ ಕೇಳಿಸಿತು.

ಅಂದು ಸಂಜೆ ಕೆಳಗಿನ ಓಣಿಗಳಿಗೆ ನೀರು ನುಗ್ಗಿತು. ಮನೆಗಳಲ್ಲಿ ಯಾರೂ ಇರಲಿಲ್ಲ.

ಮರುದಿನ ಮಾವನ ಅಂಗಡಿಯಲ್ಲಿ ಪರದೆ ತೆರೆದೆ. ಬುಧವಾರದ ಮೇಲೆ ಒಂದು ಗೆರೆ ನೆಟ್ಟಗೆ ನಿಂತಿತ್ತು, ಸೋಮವಾರದ ದಿಬ್ಬಗಳೆಲ್ಲ ಅದರ ಮುಂದೆ ಕುರುಚಲು. ಕಾವಲು ಒಂದು ಪ್ರಶ್ನೆ ಕೇಳಿತ್ತು: ಈ ಖರ್ಚು ತಪ್ಪಿನಿಂದ ಆದದ್ದೇ? ತಿಳಿಸಿದರೆ ಕಲಿಯುತ್ತೇನೆ. ನಾನು ಮಾವನ ಮುಖ ನೋಡಿದೆ. ಬಿಲ್ಲಿನ ಮಾತೆತ್ತದೆ ಅವನು ಕನ್ನಡಕ ಸರಿಪಡಿಸಿಕೊಂಡು, "ಮೊದಲ ಆ ಬಂದ್ ಮಾಡೂ ಕಟ್ಟಳಿ ತಗದ ಒಗಿ. ಆಮ್ಯಾಲ ಅದಕ್ಕ ಖರೇ ಹೇಳು," ಎಂದ.

ಕಟ್ಟಳೆ ತೆಗೆದೆ. ಆಮೇಲೆ 'ತಪ್ಪಲ್ಲ' ಎಂದು ಒತ್ತಿದೆ.